ಇಪ್ಪತ್ತಕ್ಕೆ ಒಂದು ದಿನ

ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ. 1948ರ ಕಾರ್ಖಾನೆ ಕಾಯಿದೆ ಕೊಟ್ಟ ಲೆಕ್ಕ ಇದು. ವರ್ಷದಲ್ಲಿ 240 ದಿನ ಕೆಲಸಕ್ಕೆ ಹೋದವರಿಗೆ ಆ ಕಾಯಿದೆಯಡಿ ಈ ಹಕ್ಕಿತ್ತು. ಅಂದರೆ ಕಡಿಮೆಯೆಂದರೂ 12 ದಿನ. 1949ರ ಏಪ್ರಿಲ್ 1ರಂದು ಕಾಯಿದೆ ಜಾರಿಗೆ ಬಂತು. ಭದ್ರಾವತಿಯ ಬೇಸಿಗೆಯ ಕಥೆ ಹೇಳಹೊರಟರೆ ನಾನು ಈ ಹನ್ನೆರಡು ದಿನಗಳಿಂದಲೇ ಶುರು ಮಾಡಬೇಕು. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕ ನಿಂತು ದುಡಿದವರು. ಅಮ್ಮನ ತವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ತೋಟದವರಿಗೆ ಬಿಸಿಲಿನ ಜೊತೆಗೇ ಬರುತ್ತಿದ್ದ ಬಿಡುವು ಅಪ್ಪನಿಗೆ ಒಂದು ಕಾಯಿದೆಯ ಮೂಲಕ ಬಂತು. ಬಿಡುವು ಯಾರಿಗೆ ಹೇಗೆ ಸಿಕ್ಕಿತು, ಸಿಕ್ಕಾಗ ಅವರು ಏನು ಮಾಡಿದರು ಎನ್ನುವುದನ್ನು ನಮ್ಮ ಶಿವಮೊಗ್ಗ ಜಿಲ್ಲೆಯ ಚರಿತ್ರೆ ಬರೆದವರು ಅಷ್ಟಾಗಿ ಕೇಳಿಕೊಂಡಿಲ್ಲ. ಅರಸರು, ಅಣೆಕಟ್ಟುಗಳು, ಕಾರ್ಖಾನೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಮೈಸೂರು ಸರ್ಕಾರ ಇಲ್ಲಿ ಕಬ್ಬಿಣದ ಕೆಲಸ ಕೈಗೆತ್ತಿಕೊಂಡದ್ದು 1918ರಲ್ಲಿ. ಈ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಆದ್ದರಿಂದ ಸುತ್ತಲಿನ ಕಾಡಿನ ಮರವನ್ನೇ ಇದ್ದಿಲು ಮಾಡಿ ಅದಿರು ಕರಗಿಸುವುದೆಂದು ತೀರ್ಮಾನವಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು, 1929ರ ತನಕ ಇದ್ದರು. ಹೊತ್ತಿಸಿದ ಕುಲುಮೆಯನ್ನು ಮನಸ್ಸಿಗೆ ಬಂದಾಗ ಆರಿಸುವಂತಿಲ್ಲ. ಒಳಗಿನ ಲೋಹ ಗಡ್ಡೆ ಕಟ್ಟಿ ಕೂತರೆ ಕುಲುಮೆಯೇ ಹಾಳು. ಹೀಗಾಗಿ ಉಗಾದಿಯಿರಲಿ, ಚೈತ್ರದ ಉರಿಬಿಸಿಲಿರಲಿ, ಮೂರು ಶಿಫ್ಟುಗಳು ಒಂದರ ಹಿಂದೊಂದು ನಡೆಯಲೇಬೇಕು. ಮಳೆ, ಬಿಸಿಲು, ಸುಗ್ಗಿ ನೋಡಿಕೊಂಡು ಬಾಳುತ್ತಿದ್ದ ಮಲೆನಾಡಿನ ಮಗ್ಗುಲಲ್ಲೇ ಸೈರನ್ ಕೇಳಿಕೊಂಡು ಏಳುವ ಊರೊಂದು ಹುಟ್ಟಿತು.

ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಬಾಬಾಬುಡನ್ ಸಾಲಿನ ಆ ಬೆಟ್ಟದ ಮೇಲೆಯೇ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ತಂಗುತ್ತಿದ್ದರು. ಅದಕ್ಕೇ ಅದು ಕೃಷ್ಣರಾಜೇಂದ್ರ ಗಿರಿಧಾಮ ಎನಿಸಿಕೊಂಡಿತು. ಒಂದೇ ಬೆಟ್ಟ. ಒಂದು ಮಗ್ಗುಲಲ್ಲಿ ಅರಸರ ವಿಶ್ರಾಂತಿಯ ಹೂದೋಟ, ಇನ್ನೊಂದು ಮಗ್ಗುಲಲ್ಲಿ ಕೂಲಿಗಳು ಕೆಮ್ಮಣ್ಣು ಬಗೆದು ರೋಪ್‌ವೇ ತೊಟ್ಟಿಲಿಗೆ ತುಂಬುವ ಗಣಿ. ನಾಲ್ವಡಿಯವರ ಬಗ್ಗೆ ನನಗೆ ತುಂಬು ಗೌರವವಿದೆ. ಈ ರಾಜ್ಯಕ್ಕೆ ಅವರಷ್ಟು ಕೊಟ್ಟ ಅರಸರು ಕಡಿಮೆ. ಆದರೂ ಮಕ್ಕಳಿಗೆ ಚರಿತ್ರೆ ಪಾಠ ಮಾಡುವಾಗ ಈ ಬೆಟ್ಟದ ಎರಡು ಮಗ್ಗುಲನ್ನೂ ಒಟ್ಟಿಗೇ ಹೇಳುತ್ತಿದ್ದೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಬೇಸಿಗೆಯ ವಿಶ್ರಾಂತಿ ಯಾರ ಪಾಲಿಗಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದಕ್ಕೂ ಹಿಂದೆ ಹೇಗಿತ್ತು? ತೋಟದ ಮನೆಗಳಲ್ಲಿ ಕೊನೆಕೊಯ್ಲು ಕಾರ್ತಿಕದ ಹೊತ್ತಿಗೆ ಶುರುವಾಗಿ ಮಾಘದ ತನಕ ಎಳೆಯುತ್ತದೆ. ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ, ಮೂಟೆ ಕಟ್ಟಿ ಶಿವಮೊಗ್ಗದ ಮಂಡಿಗೆ ಸಾಗಿಸಿದ ಮೇಲೆ ಕೈಗೆ ನಾಲ್ಕು ಕಾಸು, ಮೈಗೆ ಬಿಡುವು. 1939ರಲ್ಲಿ ಶಿವಮೊಗ್ಗದಲ್ಲಿ ಬೆಳೆಗಾರರೇ ಸೇರಿ ಮ್ಯಾಮ್‌ಕೋಸ್ ಎಂಬ ಅಡಿಕೆ ಮಾರಾಟ ಸಹಕಾರ ಸಂಘ ಕಟ್ಟಿಕೊಂಡ ಮೇಲೆ ಆ ಕಾಸು ದಲ್ಲಾಳಿಯ ಕೈಯಿಂದ ಸ್ವಲ್ಪ ತಪ್ಪಿಸಿಕೊಂಡು ಮನೆಗೆ ಬರತೊಡಗಿತು. ಉಗಾದಿಯಿಂದ ಮುಂಗಾರಿನ ತನಕ ಮದುವೆ, ಜಾತ್ರೆ, ತೇರು. ರಾತ್ರಿ ಬಯಲಾಟ. ಹಗಲು ಹಂಚು ಕೈಯಾಡಿಸುವುದು, ಸೌದೆ ಒಟ್ಟುವುದು, ಬೆಟ್ಟದಿಂದ ದರಗು ಗುಡಿಸಿ ತರುವುದು. ಕೆಲಸ ಇರಲಿಲ್ಲ ಎಂದಲ್ಲ. ಆದರೆ ಇಂದಿನದನ್ನು ನಾಳೆಗೆ ಹಾಕಿದರೆ ಕೇಳುವವರಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ತಂಪು ನೆಲದಲ್ಲಿ ಒಂದು ನಿದ್ದೆ ತೆಗೆಯಬಹುದಿತ್ತು.

ಮಕ್ಕಳ ಲೆಕ್ಕ ಬೇರೆ. ಕೂಲಿಮಠಗಳ ಕಾಲದಲ್ಲಿ ಬೇಸಿಗೆ ರಜೆ ಎಂಬುದೇ ಇರಲಿಲ್ಲ. ಐಗಳು ಅಮಾವಾಸ್ಯೆ, ಹುಣ್ಣಿಮೆಗೆ ಬಿಡುವು ಕೊಡುತ್ತಿದ್ದರು. ಬಿತ್ತನೆ, ಕೊಯ್ಲಿನಲ್ಲಿ ಹುಡುಗರು ತಾವಾಗಿಯೇ ಚಕ್ಕರ್ ಹಾಕುತ್ತಿದ್ದರು. ಮಕ್ಕಳ ದೊಡ್ಡ ಹಬ್ಬ ಮಾನವಮಿ. ಬಣ್ಣದ ಕೋಲು ಹಿಡಿದು ಮನೆಮನೆಗೂ ಹೋಗಿ ಚೌಪದ ಹೇಳಿ ಐಗಳಿಗೆ ಕಾಣಿಕೆ ಕೂಡಿಸುತ್ತಿದ್ದರು. ಏಪ್ರಿಲ್, ಮೇ ತಿಂಗಳ ಉದ್ದನೆಯ ರಜೆ ಬಂದದ್ದು ಸರ್ಕಾರಿ ಇಂಗ್ಲಿಷ್ ಶಾಲೆಗಳ ಜೊತೆಗೆ. ಬಂದ ಮೇಲೆ ಅದು ಒಂದು ಹೊಸ ಕಾರ್ಯಕ್ಕೆ ದಾರಿ ಮಾಡಿತು: ಓದಲು ದೂರದ ಊರಿಗೆ ಹೋದ ಹುಡುಗರು ವರ್ಷಕ್ಕೊಮ್ಮೆ ತಿಂಗಳುಗಟ್ಟಲೆ ಮನೆಗೆ ವಾಪಸು ಬಂದು, ಬಿಟ್ಟುಹೋದ ಊರನ್ನು ಹೊಸ ಕಣ್ಣಲ್ಲಿ ನೋಡಿದರು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು ಇದಕ್ಕೆ ಅನುಕೂಲವಾಯಿತು. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ರಜೆ ಬಂತೆಂದರೆ ಕುಪ್ಪಳಿಗೆ ಬರುತ್ತಿದ್ದರು. ಕಾಡು ಸುತ್ತಿದರು, ಕವಿಶೈಲದ ಬಂಡೆಯ ಮೇಲೆ ಕೂತರು, ಊರಿನವರ ಮಾತು ಕೇಳಿದರು. 1933ರ ‘ಮಲೆನಾಡಿನ ಚಿತ್ರಗಳು’ ಪುಸ್ತಕ ಓದಿದವರಿಗೆ ಆ ರಜೆಗಳು ಎಷ್ಟು ಒದಗಿದವು ಎಂದು ಬಿಡಿಸಿ ಹೇಳಬೇಕಾಗಿಲ್ಲ. ರಜೆಯಲ್ಲಿ ಊರಿಗೆ ಬರಲು ಆಗದಿದ್ದರೆ ಕನ್ನಡಕ್ಕೆ ಮಲೆನಾಡು ಇಷ್ಟು ದಕ್ಕುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ನಮ್ಮ ಕಾಲಕ್ಕೆ ರಜೆ ಶುರುವಾಗುತ್ತಿದ್ದದ್ದು ಏಪ್ರಿಲ್ ಹತ್ತಕ್ಕೆ. ಆವತ್ತು ರಿಸಲ್ಟು. ಶಾಲೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹೆಸರು ಕಂಡರೆ ಪಾಸು, ಮನೆಯಲ್ಲಿ ಪಾಯಸ. ಅಪ್ಪ ಆ ಹೊತ್ತಿಗೆ ರಜೆ ಅರ್ಜಿ ಕೊಟ್ಟಿರುತ್ತಿದ್ದರು. ಆದರೆ ಮದುವೆ, ಜಾತ್ರೆ ಎಲ್ಲರ ಊರಲ್ಲೂ ಅದೇ ತಿಂಗಳಲ್ಲಿ. ಒಂದೇ ಸಲ ಎಲ್ಲರನ್ನೂ ಬಿಟ್ಟರೆ ಕುಲುಮೆ ನೋಡಿಕೊಳ್ಳುವವರು ಯಾರು? ಸರದಿ ಬರಬೇಕು. ಸರದಿ ಬಂದ ವರ್ಷ ಅಪ್ಪನೂ ಅಜ್ಜಿಮನೆಗೆ ಬರುತ್ತಿದ್ದರು. ಬಂದ ಮೊದಲ ಎರಡು ದಿನ ಅವರದು ಬರೀ ನಿದ್ದೆ. ನೈಟ್ ಶಿಫ್ಟಿನ ಬಾಕಿಯನ್ನು ಕಟ್ಟಿ ತೀರಿಸಿದ ಮೇಲೆ ಎದ್ದು ಕೂತು ಕೈಸಾಲೆಯ ಮುರಿದ ಮಣೆ, ಸಡಿಲಾದ ಬಾಗಿಲು, ಕುಂಟುವ ಮಂಚ ಎಲ್ಲವನ್ನೂ ಒಂದೊಂದಾಗಿ ಸರಿ ಮಾಡಲು ಹಿಡಿಯುತ್ತಿದ್ದರು. “ಬಿಡಿ ಭಾವಾ, ಆಚಾರಿಗೆ ಹೇಳಿದರಾಯ್ತು, ನೀವು ಸುಮ್ಮನೆ ಕೂತ್ಕೊಳಿ” ಎಂದರೆ ಸೋದರಮಾವನಿಗೆ ಅವರ ಉತ್ತರ, “ಅಲ್ಲಿ ಹೇಳಿದ್ದು ಮಾಡ್ತೀನಿ. ಇದು ನಾನೇ ಹುಡುಕ್ಕೊಂಡಿದ್ದು, ಇದಕ್ಕೆ ಅಡ್ಡ ಬರಬೇಡ ಮಾರಾಯಾ.”

ಸರದಿ ಬಾರದ ವರ್ಷಗಳಲ್ಲಿ ನಾವೂ ಭದ್ರಾವತಿಯಲ್ಲೇ. ಆ ಬೇಸಿಗೆಗಳೂ ನನಗೆ ಕಡಿಮೆ ಪ್ರೀತಿಯವಲ್ಲ. ಕಾರ್ಖಾನೆಯ ಕೆಲಸಕ್ಕೆಂದು ತಮಿಳು, ತೆಲುಗು, ಮಲಯಾಳದ ಸೀಮೆಗಳಿಂದ ಜನ ಬಂದು ನೆಲೆಸಿದ ಊರು ಇದು. ವೇಲೂರು ಶೆಡ್ ಎಂಬ ಬಡಾವಣೆಯ ಹೆಸರೇ ಅದನ್ನು ಹೇಳುತ್ತದೆ. ನಮ್ಮ ಕ್ವಾರ್ಟರ್ಸ್ ಸಾಲಿನ ಹಿಂದಿನ ಅಂಗಳ ಏಪ್ರಿಲ್ ಬಂತೆಂದರೆ ಹೆಂಗಸರ ರಾಜ್ಯ. ಅಜ್ಜಿಮನೆಯಿಂದ ಬಸ್ಸಿನ ಟಾಪಿನ ಮೇಲೆ ಹಲಸಿನಕಾಯಿ ಬರುತ್ತಿತ್ತು. ಹಪ್ಪಳಕ್ಕೆ ಹಣ್ಣಾಗಬಾರದು, ಎಳಸೂ ಇರಬಾರದು. ಬಲಿತ ಕಾಯಿಯೇ ಆಗಬೇಕು. ತೊಳೆ ಬಿಡಿಸಿ ಬೇಯಿಸಿ, ಬಿಸಿ ಆರುವ ಮೊದಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಲ್ಲಿ ಕುಟ್ಟಬೇಕು. ಆರಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಆಮೇಲೆ ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆಯ ನಡುವೆ ಇಟ್ಟು ಒತ್ತಿ, ಚಾಪೆಯ ಮೇಲೆ ಒಣಹಾಕುವುದು. ಕಾಗೆ ಕಾಯುವ ಕೆಲಸ ಮಕ್ಕಳದು. ಹಸಿ ಉಂಡೆಗೆ ತೆಂಗಿನೆಣ್ಣೆ ನೆಂಚಿಕೊಂಡು ತಿನ್ನುವ ಹಕ್ಕೂ ಕಾಗೆ ಕಾಯುವವರದೇ.

ಪಕ್ಕದ ಮನೆಯ ತಮಿಳಿನವರು ಅಕ್ಕಿಹಿಟ್ಟು ಕಾಯಿಸಿ ವಡಾಂ ಒತ್ತುತ್ತಿದ್ದರು. ಆಚೆ ತುದಿಯ ತೆಲುಗಿನವರ ಮನೆಯಲ್ಲಿ ಸಾಸಿವೆ ಪುಡಿಯ ಘಾಟು, ಆವಕಾಯಿಯ ಭರಣಿ. ಒಬ್ಬರ ಕೈ ಇನ್ನೊಬ್ಬರ ಹಿಟ್ಟಿನಲ್ಲಿ. ನಾಲ್ಕನೆಯ ಕ್ಲಾಸಿಗೇ ಓದು ಬಿಟ್ಟಿದ್ದ ನಮ್ಮಮ್ಮ ತಮಿಳು ಮಾತಾಡಲು ಕಲಿತದ್ದು ಆ ಅಂಗಳದಲ್ಲಿ, ಎರಡು ಮೂರು ಬೇಸಿಗೆಗಳಲ್ಲಿ. ಕೊನೆಗೆ ತಮಿಳು ವಾರಪತ್ರಿಕೆಯ ಅಕ್ಷರಗಳನ್ನೂ ಕೂಡಿಸಿಕೊಂಡು ಓದುವಷ್ಟಾದಳು. ಬದಲಿಗೆ ಪಕ್ಕದ ಮನೆಯಾಕೆ, ‘ಅಕ್ಕಾ’ ಎಂದು ಅವಳನ್ನು ಕರೆಯುತ್ತಿದ್ದವಳು, ನನ್ನ ಮಗ್ಗಿ ಪುಸ್ತಕ ಇಟ್ಟುಕೊಂಡು ಕನ್ನಡ ಅಂಕಿ ಕಲಿತಳು, ರೇಷನ್ ಕಾರ್ಡು ತಾನೇ ಓದಿಕೊಳ್ಳಬೇಕೆಂದು. ವಿಶ್ರಾಂತಿ ಅಂದರೆ ಮೈ ಚಾಚುವುದು ಎಂದುಕೊಂಡರೆ ಆ ಹೆಂಗಸರಿಗೆ ಅದು ಸಿಗಲೇ ಇಲ್ಲ. ಕಾರ್ಖಾನೆ ಕಾಯಿದೆ ಅವರ ಅಡುಗೆಮನೆಗೆ ಅನ್ವಯಿಸಲಿಲ್ಲ. ಒಂದು ತಿಂಗಳು ತವರಿಗೆ ಹೋಗಿ ಅಮ್ಮನ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು ನೀರು ಹಾಕಿಸಿಕೊಳ್ಳುವುದೇ ಅವರಿಗೆ ರಜೆ, ಅದೂ ತವರಿನಲ್ಲಿ ಕರೆಯುವವರು ಇರುವ ತನಕ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಅಷ್ಟರಲ್ಲೇ ಅವರು ಕಲಿತದ್ದನ್ನು ನೋಡಿದರೆ ತಲೆ ಬಾಗುತ್ತದೆ.

ಗಂಡಸರಿಗೆ ಶಿಫ್ಟಿನಿಂದ ಒಂದು ಲಾಭವಾಯಿತು. ಬೆಳಗಿನ ಶಿಫ್ಟು ಮುಗಿಸಿ ಬಂದವರಿಗೆ ಸಂಜೆ ಪೂರ್ತಿ ತಮ್ಮದು. ಹೊಲಗದ್ದೆಯವರಿಗೆ ಇಂಥ ಗೊತ್ತಾದ ಹೊತ್ತು ಎಂದೂ ಇರಲಿಲ್ಲ. ಆ ಸಂಜೆಗಳಲ್ಲಿ ಊರಿನಲ್ಲಿ ನಾಟಕದ ತಾಲೀಮು, ಭಜನೆ, ವಾಲಿಬಾಲ್. ಕನಕ ಮಂಟಪದ ಮೈದಾನದಲ್ಲಿ ನಾಟಕವೆಂದರೆ ನೈಟ್ ಶಿಫ್ಟಿನವರು ಮೊದಲ ಎರಡು ಅಂಕ ನೋಡಿ ಕೆಲಸಕ್ಕೆ ಹೋಗಿ, ಮಾರನೆಯ ದಿನ ಉಳಿದ ಕಥೆಯನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಶುರುವಾದಾಗ ಇಡೀ ಸಾಲಿಗೆ ಒಂದೋ ಎರಡೋ ರೇಡಿಯೋ. ನಮ್ಮದೇ ಊರಿನ ಹೆಸರು ಅದರೊಳಗಿಂದ ಕೇಳಿದ ದಿನ ಅಪ್ಪ ಎದ್ದು ನಿಂತಿದ್ದರು.

ಕೆಲಸದವರ ಓದಿಗೆ ಕಾಗದವೂ ಊರಿನದೇ ಆಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸಿನ ಸುತ್ತ ಕಾಗದನಗರ ಬೆಳೆಯಿತು. ಶಾಲೆಯ ನೋಟುಪುಸ್ತಕ, ಮುಂದೆ ಪತ್ರಿಕೆಗಳ ನ್ಯೂಸ್‌ಪ್ರಿಂಟ್, ಎಲ್ಲವೂ ಅಲ್ಲಿಂದ. ರಜೆಯ ಮಧ್ಯಾಹ್ನಗಳಲ್ಲಿ ‘ಚಂದಮಾಮ’ ಮುಗಿಸಿ ‘ಸುಧಾ’, ‘ಕಸ್ತೂರಿ’ಗೆ ಏರಿದ ಪೀಳಿಗೆ ನಮ್ಮದು. ಒಂದು ಪ್ರತಿ ಎಂಟು ಮನೆ ತಿರುಗಿ ಬರುವ ಹೊತ್ತಿಗೆ ಧಾರಾವಾಹಿಯ ಪುಟ ಯಾರೋ ಕತ್ತರಿಸಿಕೊಂಡಿರುತ್ತಿದ್ದರು. ಶಿವಮೊಗ್ಗಕ್ಕೆ ಓದಲು ಹೋದ ಮೇಲೆ, 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಸಾಹಿತಿಗಳ ಮಾತು ಕೇಳಿದೆ. ಊರಿಗೆ ಅಂಟಿಕೊಂಡಂತೆ ಇರುವ ಹೊಸಹಳ್ಳಿ, ಮತ್ತೂರಿನ ಗಮಕ ಕೇಳಿದೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳು ಕುಮಾರವ್ಯಾಸನನ್ನು ವಾಚಿಸಿದರೆ, ಮತ್ತೂರು ಕೃಷ್ಣಮೂರ್ತಿಗಳು ವ್ಯಾಖ್ಯಾನ ಮಾಡುತ್ತಿದ್ದರು. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ವರ್ಷದ ಕೊನೆಗೆ ತೀರಿಕೊಂಡರು. ಗಂಟೆಗಟ್ಟಲೆ ಕೂತು ಕೇಳುವ ವ್ಯವಧಾನ ಇರುವ ಊರಿನಲ್ಲಿ ಮಾತ್ರ ಅಂಥ ಕಲೆ ಉಳಿಯುತ್ತದೆ. ಸಾಗರದ ಕಡೆ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಕಟ್ಟಿದವರೂ ಅಡಿಕೆ ತೋಟಗಳ ಹಳ್ಳಿಯವರೇ.

ಇನ್ನು ನೀರಿನ ಮಾತು. ಲಕ್ಕವಳ್ಳಿಯ ಭದ್ರಾ ಜಲಾಶಯ 1960ರ ದಶಕದಲ್ಲಿ ಪೂರ್ಣವಾಯಿತು. ಅದರ ಚಾನಲ್‌ಗಳು ಭದ್ರಾವತಿ, ಶಿವಮೊಗ್ಗ ಹಾದು ದಾವಣಗೆರೆಯ ಬಯಲಿನ ತನಕ ಹೋದವು. ಹೊಟ್ಟೆಗೆ ಅನ್ನ ಕೊಟ್ಟ ನೀರು ಅದು, ಅದರ ಉಪಕಾರ ಎಷ್ಟು ಹೇಳಿದರೂ ತೀರದು. ಆದರೆ ಆ ಸೀಮೆಯ ಬೇಸಿಗೆಯನ್ನು ಬದಲಿಸಿದ್ದೂ ಅದೇ. ಜನವರಿಯಲ್ಲಿ ನೀರು ಬಿಟ್ಟರೆ ಮೇ ತನಕ ಬೇಸಿಗೆ ಬೆಳೆ. ನಾಟಿ, ಕಳೆ, ಗೊಬ್ಬರ, ಉರಿಬಿಸಿಲಲ್ಲಿ ಕೊಯ್ಲು. ಉಗಾದಿಯ ನಂತರ ಬಿಡುವಾಗಿರುತ್ತಿದ್ದ ಗದ್ದೆಯವರಿಗೆ ವರ್ಷಕ್ಕೆ ಎರಡು ಬೆಳೆ ಬಂತು, ಆ ಎರಡು ತಿಂಗಳು ಹೋಯಿತು. ಭೂಮಿಯಿಲ್ಲದವರಿಗೆ ಬೇಸಿಗೆಯಲ್ಲೂ ಕೂಲಿ ಸಿಕ್ಕಿತು. ಅವರಿಗೆ ಮೊದಲಿನ ಬೇಸಿಗೆ ಎಂದರೆ ಕೆಲಸವಿಲ್ಲದ, ಒಲೆ ಹೊತ್ತದ ದಿನಗಳು. ಆದ್ದರಿಂದ ಹಳೆಯ ಬೇಸಿಗೆ ಎಷ್ಟು ಚೆನ್ನಾಗಿತ್ತು ಎಂದು ಒಂದೇ ಉಸಿರಿಗೆ ಹೇಳುವವರನ್ನು ನಾನು ತಡೆದು ಕೇಳುತ್ತೇನೆ: ಯಾರ ಮನೆಯ ಬೇಸಿಗೆ?

ಈಗ ಅದೇ ಗದ್ದೆಗಳಲ್ಲಿ ಅಡಿಕೆ ಸಸಿ ಎದ್ದಿದೆ. ಬಯಲಿನ ಅಡಿಕೆಗೆ ಬೇಸಿಗೆಯಲ್ಲಿ ನೀರು ತಪ್ಪುವಂತಿಲ್ಲ. ಕರೆಂಟು ಬರುವ ಹೊತ್ತು ಕಾದುಕೊಂಡು ರಾತ್ರಿ ಹನ್ನೆರಡಕ್ಕೂ ಬೋರಿನ ಮೋಟಾರು ಹಾಕಲು ಹೋಗುವವರನ್ನು ನಮ್ಮ ರಸ್ತೆಯಲ್ಲೇ ನೋಡುತ್ತೇನೆ.

ಮಕ್ಕಳ ರಜೆಯೂ ಕರಗಿತು. 1994ರಲ್ಲಿ ರಾಜ್ಯದಲ್ಲಿ ಸಿಇಟಿ ಬಂತು. ದುಡ್ಡಿಲ್ಲದ, ಪ್ರಭಾವವಿಲ್ಲದ ಮನೆಯ ಮಕ್ಕಳಿಗೆ ಇಂಜಿನಿಯರಿಂಗ್, ಮೆಡಿಕಲ್ ಬಾಗಿಲು ತೆರೆದದ್ದು ಅದೇ. ನನ್ನ ಶಿಷ್ಯರಲ್ಲೇ ಎಷ್ಟೋ ಜನ ಹಾಗೆ ಮೇಲೆ ಬಂದರು. ಜೊತೆಗೆ ಪಿಯುಸಿ ಪರೀಕ್ಷೆ ಮುಗಿದ ಮಾರನೆಯ ದಿನವೇ ಕ್ರ್ಯಾಶ್ ಕೋರ್ಸುಗಳೂ ಶುರುವಾದವು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಒಂದು ಕಾದಂಬರಿ ಕೈಯಲ್ಲಿ ಹಿಡಿದು ಮಧ್ಯಾಹ್ನ ಕಳೆಯುವ ಕಾಲ ಆ ಮಕ್ಕಳಿಗೆ ಸಿಗಲೇ ಇಲ್ಲ. ಚಿಕ್ಕವರಿಗೆ ಬೇಸಿಗೆ ಶಿಬಿರ. ಇದರಲ್ಲಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ರಂಗಾಯಣದ ಚಿಣ್ಣರ ಮೇಳದಂಥದ್ದರಲ್ಲಿ ಮಕ್ಕಳು ಮಣ್ಣು, ಬಣ್ಣ, ಹಾಡುಗಳಲ್ಲಿ ಮುಳುಗಿ ಏಳುತ್ತಾರೆ. ಬಾಯೇ ಬಿಡದ ಹುಡುಗಿಯೊಬ್ಬಳು ನಾಟಕದ ಶಿಬಿರಕ್ಕೆ ಹೋಗಿ ಬಂದು ಜೂನಿನಲ್ಲಿ ನನ್ನ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದನ್ನು ಕಂಡಿದ್ದೇನೆ. ಬೆಳಗ್ಗೆ ಅಬಾಕಸ್, ಹತ್ತಕ್ಕೆ ಕರಾಟೆ, ಮಧ್ಯಾಹ್ನ ಹ್ಯಾಂಡ್‌ರೈಟಿಂಗ್, ಸಂಜೆ ಸ್ಕೇಟಿಂಗ್ ಎಂದು ಮಕ್ಕಳನ್ನು ಸ್ಕೂಟರಿನ ಮೇಲೆ ಸಾಗಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮಪ್ಪ ಹುಡುಕಿಕೊಂಡ ಕುಂಟುವ ಮಂಚದಂಥ ಕೆಲಸ ಮಗುವಿಗೆ ಸಿಗಬೇಕಾದರೆ ಅದಕ್ಕೆ ಒಂದಷ್ಟು ಹೊತ್ತು ಏನೂ ಇಲ್ಲದೆ ಮನೆಯಲ್ಲಿ ಅಡ್ಡಾಡಲು ಬಿಡಬೇಕು.

ಮೇಷ್ಟ್ರುಗಳಿಗೆ ಎರಡು ತಿಂಗಳು ರಜೆ ಎಂದು ಊರೆಲ್ಲ ಹೇಳುತ್ತದೆ. ರಜೆಯಿರುವ ಇಲಾಖೆ ಎಂದೇ ನಮಗೆ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ, ಉಳಿದ ನೌಕರರಿಗೆ ಮೂವತ್ತು. ಏಪ್ರಿಲಿನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಚುನಾವಣೆ ಬಂದರೆ ಬೂತ್ ಕೆಲಸ, ಜನಗಣತಿ ಬಂದರೆ ಮನೆಪಟ್ಟಿ. ಉಳಿದ ದಿನಗಳಲ್ಲಿ ನಾನು ಹಳೆಗನ್ನಡ ಓದಿಕೊಂಡೆ. ನೌಕರಿಯಲ್ಲಿದ್ದಷ್ಟು ವರ್ಷವೂ ಪಂಪನನ್ನು ಓದಲು ನನಗೆ ಸಿಕ್ಕಿದ್ದು ಮೇ ತಿಂಗಳುಗಳೇ.

ಭದ್ರಾವತಿಗೆ ಈಗ ಬೇರೆಯದೇ ಬಿಡುವು ಬಂದಿದೆ, ಯಾರೂ ಕೇಳದ ಬಿಡುವು. ಪೇಪರ್ ಮಿಲ್ಲಿನ ಯಂತ್ರಗಳು 2015ರಿಂದ ನಿಂತಿವೆ. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವುದೆಂದು 2023ರ ಜನವರಿಯಲ್ಲಿ ಅದನ್ನು ನಡೆಸುವ ಉಕ್ಕು ಪ್ರಾಧಿಕಾರ (ಸೈಲ್) ತೀರ್ಮಾನಿಸಿದಾಗ ಕಾರ್ಮಿಕರು ಬೀದಿಗಿಳಿದರು. ಆ ಹಗ್ಗಜಗ್ಗಾಟದ ನಡುವೆ ಅದೇ ವರ್ಷ ಬಾರ್ ಮಿಲ್ಲು ಮತ್ತೆ ತಿರುಗಿತು. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತವನ ಹತ್ತಿರ ವಿಶ್ರಾಂತಿಯ ಮಾತಾಡಬಾರದು. ಇಪ್ಪತ್ತು ದಿನದ ದುಡಿಮೆ ಇದ್ದರೆ ತಾನೆ ಒಂದು ದಿನದ ರಜೆ.

2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವಾದವು. ಅದಕ್ಕಾಗಿ 2024ರ ಬೇಸಿಗೆ ರಜೆಯಲ್ಲೂ ಸರ್ಕಾರ ಶಾಲೆಗಳಲ್ಲಿ ಬಿಸಿಯೂಟ ನಡೆಸಿತು. ನಮ್ಮ ಬಡಾವಣೆಯ ಶಾಲೆಗೂ ಮಕ್ಕಳು ಬಂದರು, ತಂಗಿಯನ್ನೋ ತಮ್ಮನನ್ನೋ ಕಂಕುಳಲ್ಲಿ ಹೊತ್ತು. ಅಡುಗೆಯ ಅಕ್ಕ ಒಂದು ದಿನ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, “ಊಟ ಮಾಡಿ ಹೋಗ್ತಾನೇ ಇಲ್ಲ ಮೇಡಂ ಇವು, ಇಲ್ಲೇ ನೆರಳಲ್ಲಿ ಕೂತಿರ್ತಾವೆ” ಎಂದಳು. ಮುಖ್ಯೋಪಾಧ್ಯಾಯರನ್ನು ಕೇಳಿ ಲೈಬ್ರರಿ ಬೀರುವಿನ ಬೀಗದ ಕೈ ಪಡೆದೆ. ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿಟ್ಟು ದೂರ ಕೂತೆ. ಚಿತ್ರದ ಪುಸ್ತಕಗಳು ಮೊದಲು ಖಾಲಿಯಾದವು. ಒಬ್ಬ ಹುಡುಗ ಸೈಕಲ್ಲಿನ ರಿಪೇರಿ ಕುರಿತ ಪುಸ್ತಕ ಇದೆಯೇ ಎಂದು ಕೇಳಿದ. ಇರಲಿಲ್ಲ. ಅವನನ್ನು ನಮ್ಮ ಬೀದಿಯ ಕೊನೆಯಲ್ಲಿರುವ, ಫ್ಯಾಕ್ಟರಿಯ ಮೆಷಿನ್ ಶಾಪಿನಿಂದ ನಿವೃತ್ತರಾದ ಹಿರಿಯರ ಹತ್ತಿರ ಕಳಿಸಿದೆ. ಮೇ ಮುಗಿಯುವ ಹೊತ್ತಿಗೆ ಅವರ ಮನೆಯ ಮುಂದೆ ನಾಲ್ಕು ಸೈಕಲ್ಲುಗಳು ಬಿಚ್ಚಿಕೊಂಡು ಬಿದ್ದಿದ್ದವು, ಸುತ್ತ ಹುಡುಗರು, ಇಬ್ಬರು ಹುಡುಗಿಯರು. ಆ ಹಿರಿಯರು ಸ್ಪ್ಯಾನರಿನ ಅಳತೆಗಳನ್ನು ಕನ್ನಡದಲ್ಲೂ ತಮಿಳಿನಲ್ಲೂ ಕೂಗಿ ಕೂಗಿ ಹೇಳುತ್ತಿದ್ದರು. ಮಾರನೆಯ ವರ್ಷದ ರಜೆಗೂ ಬೀರುವಿನ ಬೀಗದ ಕೈ ಬೇಕೆಂದು ಅರ್ಜಿ ಕೊಟ್ಟೆವು. ಅದರಲ್ಲಿ ಸೈಕಲ್ ಪುಸ್ತಕವೊಂದನ್ನು ಕೊಳ್ಳಿ ಎಂದೂ ಬರೆದೆ, ಆ ಹಿರಿಯರ ರುಜುವನ್ನೂ ಹಾಕಿಸಿದೆ.